ತೊಳೆದರೆ ಹೋಗದ ವಿಷ



ಕಲ್ಯಾಣದ ಆಚೆ ಅಂಬಿವಲಿಯಲ್ಲಿ ಕಾಳೂ ಎಂಬ ನದಿ ಹರಿಯುತ್ತದೆ. ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದ್ದ ಆ ನದಿಯ ದಡದ ಸಸ್ಯಗಳಲ್ಲಿ ಪಾದರಸ, ಸೀಸಗಳಿರುವುದನ್ನು ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ವಿಜ್ಞಾನಿಗಳು 1980ರ ದಶಕದ ಆರಂಭದ ವೇಳೆಗೇ ತೋರಿಸಿಕೊಟ್ಟಿದ್ದರು. ಅಲ್ಲಿ ಮೇಯುವ ಎಮ್ಮೆಗೆ ಇದು ತಿಳಿಯದು. ಅದರ ಹಾಲು ಕುಡಿಯುವ ಮಗುವಿಗೂ ತಿಳಿಯದು.

ಕಸಕಡ್ಡಿ ಕೊಳೆತು ಮಣ್ಣಾಗುತ್ತದೆ. ಲೋಹ ಹಾಗಲ್ಲ. ಅದು ನಾಶವಾಗದೆ ಮಣ್ಣಿನಿಂದ ಬೇರಿಗೆ, ಬೇರಿನಿಂದ ಎಲೆಗೆ, ಎಲೆಯಿಂದ ದೇಹಕ್ಕೆ ನೆಲೆ ಬದಲಿಸುತ್ತದೆ, ಅಷ್ಟೆ. ಕ್ಯಾಡ್ಮಿಯಮ್ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ.

ನಮ್ಮವರಲ್ಲಿ ಅನೇಕರು ಈ ಮಹಾನಗರಕ್ಕೆ ಉಣಬಡಿಸಿ ಬದುಕಿದವರು. ರೈಲುಹಳಿಯ ಬದಿಯಲ್ಲಿ ಚರಂಡಿಯ ನೀರು ಕುಡಿದು ಬೆಳೆದ ಪಾಲಕ್ ಸೊಪ್ಪು ನಮ್ಮ ಅಡುಗೆಮನೆಗಳಿಗೂ ಬಂದಿದೆ. ತೊಳೆದರೆ ಎಲೆಯ ಮೇಲಿನ ಧೂಳು ಹೋದೀತು; ಬೇರು ಹೀರಿದ್ದು ಹೋಗದು.

ಆದುದರಿಂದ ಇದನ್ನು ಗೃಹಿಣಿಯ ಎಚ್ಚರಕ್ಕಷ್ಟೇ ಬಿಡಲಾಗದು. ತರಕಾರಿ ಬೆಳೆಯುವ ಮಣ್ಣನ್ನೂ ಹಾಯಿಸುವ ನೀರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಬಹಿರಂಗಪಡಿಸಿರೆಂದು ಆಳುವವರನ್ನು ಕೇಳುವುದು ನಮ್ಮಂಥ ಸಂಘಗಳ ಹೊಣೆ. ಜಪಾನಿನ ಮಿನಮಾತಾದಲ್ಲಿ ಪಾದರಸದ ಕಾಯಿಲೆ ಬೆಳಕಿಗೆ ಬಂದದ್ದು 1956ರಲ್ಲಿ. ಸರ್ಕಾರ ಅದರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ನಾವು ಹುಟ್ಟಿದ ಮಣ್ಣು ಬೇರೆಯಾದರೂ ನಮ್ಮ ಮಕ್ಕಳು ಉಣ್ಣುವುದು ಈ ಮಣ್ಣಿನ ಬೆಳೆಯನ್ನು. ಇದರ ಋಣವೂ ನಮ್ಮದು, ಇದನ್ನು ಪ್ರಶ್ನಿಸುವ ಹಕ್ಕೂ ನಮ್ಮದು.