ಹಳೆಯ ತಂತ್ರಾಂಶಕ್ಕೆ ಯೂನಿಕೋಡ್



ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಅದರ ಕಡತಗಳ ಯೋಗಕ್ಷೇಮವನ್ನೂ ವಿಚಾರಿಸಬೇಕು. ಕೈಬರಹದ ದಾಖಲೆಗಳನ್ನು ಗೆದ್ದಲಿನಿಂದ ಕಾಪಾಡಬೇಕೆಂಬುದನ್ನು ನಾವೆಲ್ಲ ಬಲ್ಲೆವು. ಗಣಕಯಂತ್ರದಲ್ಲಿ ಬೆರಳಚ್ಚಾದ ಕನ್ನಡವೂ ಓದಲಾಗದಂತೆ ಆಗಬಹುದೆಂಬುದನ್ನು ಅಷ್ಟಾಗಿ ಗಮನಿಸಿಲ್ಲ.

1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಈ ತಂತ್ರಾಂಶಗಳಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಆದರೆ ಅಂದಿನ ಫಾಂಟುಗಳಲ್ಲಿ ಇದ್ದುದು 256 ಮನೆಗಳು ಮಾತ್ರ. ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಇರುವ ಮನೆಗಳಲ್ಲಿ ಕನ್ನಡ ಅಕ್ಷರಗಳ ಆಕಾರದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನಕಾರದ ಸ್ಥಾನದಲ್ಲಿ ಪೌಂಡ್ ಹಣದ ಗುರುತು ಕಾಣುವುದು ಇದರಿಂದಲೇ. ಗಡಿಯ ಈಚೆಗಿನ ಕಚೇರಿಗಳಲ್ಲಿ ಆ ಫಾಂಟು ಇರಬೇಕೆಂಬ ನಿಯಮವೇನೂ ಇಲ್ಲ. ಹೀಗಾಗಿ ಪೆನ್ನಾಗರದಂಥ ಊರಿನ ನಮಗೆ ತೊಡಕು ಹೆಚ್ಚು.

ಯೂನಿಕೋಡ್ ಆಕಾರವನ್ನಲ್ಲ, ಅಕ್ಷರವನ್ನೇ ಗುರುತಿಸುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ತಮಿಳಿಗೂ ಪ್ರತ್ಯೇಕ ಸ್ಥಾನಗಳಿವೆ. ತಮಿಳುನಾಡು ಸರ್ಕಾರವು 2010ರಲ್ಲಿ ಯೂನಿಕೋಡನ್ನು ತಮಿಳಿಗೆ ಮಾನಕವಾಗಿ ಅಂಗೀಕರಿಸಿತು. ಆದುದರಿಂದ ಮಗುವಿನ ಹೆಸರನ್ನು ಒಂದೇ ಪಟ್ಟಿಯಲ್ಲಿ ಎರಡು ಭಾಷೆಗಳಲ್ಲಿಯೂ ಬರೆದಿಡುವುದು ಸಾಧ್ಯ.

ಹಳೆಯ ತಂತ್ರಾಂಶವನ್ನು ಇದಕ್ಕೆ ಹೊಂದಿಸಲು ಫಾಂಟು ಬದಲಿಸಿದರೆ ಸಾಲದು. ನಮ್ಮ ಜಿಲ್ಲೆಯ ಹೆಸರನ್ನೇ ನೋಡೋಣ. ‘ಧರ್ಮಪುರಿ’ ಎಂಬಲ್ಲಿ ಕಣ್ಣಿಗೆ ಮಕಾರ ಮೊದಲು, ಅರ್ಕಾವತ್ತು ಅನಂತರ. ಹಳೆಯ ಫಾಂಟು ಹಾಗೆಯೇ ದಾಖಲಿಸುತ್ತದೆ. ಉಚ್ಚಾರದಲ್ಲಿ ರಕಾರ ಮೊದಲು. ಯೂನಿಕೋಡಿನ ಕ್ರಮವೂ ಅದೇ. ‘ಪೆನ್ನಾಗರಂ’ ಎಂಬುದರಲ್ಲಿ ಹಳೆಯ ಕಡತವು ದೀರ್ಘವನ್ನು ಬರೆದ ಮೇಲೆ ಒತ್ತನ್ನು ಬರೆಯುತ್ತದೆ. ಯೂನಿಕೋಡ್ ಒತ್ತಿನ ಬಳಿಕ ದೀರ್ಘವನ್ನು ಇಡುತ್ತದೆ. ಪರಿವರ್ತಕವು ಇಂಥ ಪ್ರತಿಯೊಂದು ಅಕ್ಷರವನ್ನೂ ಮರುಜೋಡಿಸಬೇಕು. ಅಳತೆಯೂ ಬೇರೆಯಾಗುತ್ತದೆ. ಹಳೆಯದರಲ್ಲಿ ಒಂದೊಂದು ತುಂಡಿಗೆ ಒಂದು ಬೈಟ್ ಸಾಕಿತ್ತು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಹೆಸರಿಗೆಂದು 30 ಬೈಟುಗಳನ್ನಷ್ಟೇ ಇಟ್ಟಿದ್ದ ತಂತ್ರಾಂಶದಲ್ಲಿ 10 ಸಂಕೇತಗಳಿಗೇ ಜಾಗ ಮುಗಿದು, ಉದ್ದದ ಹೆಸರು ಮೊಟಕಾಗುತ್ತದೆ. ಅದಕ್ಕಾಗಿ ಒಳಗಿನ ಅಂಕಣಗಳನ್ನೂ ಅಗಲಿಸಬೇಕು.

ಶಾಲೆಯ ಮಟ್ಟಿಗೆ ನಮ್ಮ ಸೂಚನೆ ಇಷ್ಟೇ: ಮೂಲ ಕಡತವನ್ನು ಮುಟ್ಟದೆ ಪ್ರತಿಯನ್ನು ಪರಿವರ್ತಿಸೋಣ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡವೆಂದೇ ಭ್ರಮಿಸಿ ಕೆಡಿಸುವುದುಂಟು. ಆದ್ದರಿಂದ ಹಳೆಯ ಮುದ್ರಿತ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಲಿ, ಮತ್ತೊಬ್ಬರು ತೆರೆಯಲ್ಲಿ ತಾಳೆ ನೋಡಲಿ. ಮೇಲಿನ ತರಗತಿಯ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಇದನ್ನು ಆರಂಭಿಸಬಲ್ಲರು. ಮುಂದೊಂದು ದಿನ ಯಾರಾದರೂ ತಮ್ಮ ಅಜ್ಜಿಯ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಹುಡುಕಿದಾಗ ಅದು ಸಿಕ್ಕಬೇಕು. ಈ ಸ್ಮರಣ ಸಂಚಿಕೆಯ ಕಡತದಿಂದಲೇ ಆ ಕೆಲಸ ಮೊದಲಾಗಲಿ ಎಂದು ವಿನಂತಿಸಿ ಮಾತು ಮುಗಿಸುತ್ತೇವೆ.