ಮೂರು ಪ್ರತಿಗಳು, ಒಂದು ಚಿತ್ರ

(ಶತಮಾನೋತ್ಸವದ ಚಿತ್ರಪ್ರದರ್ಶನವನ್ನು ಉದ್ಘಾಟಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಸಭಾಂಗಣದ ನಡುಗೋಡೆಯ ಮೇಲಿರುವ ದೊಡ್ಡ ಸಮೂಹಚಿತ್ರವನ್ನು ತಾವೆಲ್ಲರೂ ನೋಡಿದ್ದೀರಿ. ಹಳೆಯ ದೇವಾಲಯದ ಮೆಟ್ಟಿಲುಗಳ ಮೇಲೆ ನಮ್ಮ ಹಿರಿಯರು ಸಾಲಾಗಿ ನಿಂತಿದ್ದಾರೆ. ನೋಡುವವರಿಗೆ ಅದು ಒಂದೇ ಚಿತ್ರ. ವಾಸ್ತವವಾಗಿ ಮೂರು ಪ್ರತಿಗಳನ್ನು ಕೂಡಿಸಿದ್ದು.

ಒಂದೇ ನೆಗೆಟಿವಿನಿಂದ ಮುದ್ರಿಸಿದ ಮೂರು ಪ್ರತಿಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮೂರು ಮನೆಗಳಲ್ಲಿ ಉಳಿದಿದ್ದವು. ಹಾವೇರಿಯ ಪ್ರತಿಯ ಎಡಭಾಗವನ್ನು ಗೆದ್ದಲು ನಡುವಿನವರೆಗೂ ತಿಂದಿತ್ತು. ರಾಣೆಬೆನ್ನೂರಿನ ಪ್ರತಿಗೆ ಮಳೆನೀರು ತಗುಲಿ ನಡುಭಾಗದಿಂದ ಬಲಕ್ಕೆ ಕಲೆಗಟ್ಟಿತ್ತು. ಬ್ಯಾಡಗಿಯದು ಪೂರ್ಣವಾಗಿತ್ತು, ಆದರೆ ಬಿಸಿಲಿಗೆ ಬಿಳಚಿಕೊಂಡು ಮುಖಗಳು ಮಸುಕಾಗಿದ್ದವು.

ಮೂರನ್ನೂ ಮೂರು ಊರುಗಳಲ್ಲಿ, ಬೇರೆ ಬೇರೆ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿಸಿದ್ದರಿಂದ ಅಳತೆ, ಓರೆ, ಬಣ್ಣ ಯಾವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಂಥವನ್ನು ಕೂಡಿಸುವಾಗ ಮೊದಲು ಎಲ್ಲ ಪ್ರತಿಗಳಲ್ಲಿಯೂ ಕಾಣುವ ಗುರುತುಗಳನ್ನು, ಬಾಗಿಲ ಚೌಕಟ್ಟಿನ ಮೂಲೆ, ಮೆಟ್ಟಿಲ ಅಂಚು, ಅಂಗಿಯ ಗುಂಡಿ ಮುಂತಾದವನ್ನು ಹುಡುಕಬೇಕು. ಅವು ಒಂದರ ಮೇಲೊಂದು ಕೂರುವಂತೆ ಚಿತ್ರಗಳನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಬೇಕು. ಬಳಿಕ ನೆರಳು ಬೆಳಕುಗಳನ್ನು ಸಮಗೊಳಿಸಬೇಕು. ಕೊನೆಗೆ ಬೆಸುಗೆಯ ಗೆರೆಯನ್ನು ಯಾರ ಮುಖದ ಮೇಲೂ ಹಾಯದಂತೆ, ಬರಿಯ ಗೋಡೆಯ ಮೇಲೆ ಒಯ್ಯಬೇಕು.

ನಮ್ಮ ತರುಣರು ಎಡಭಾಗವನ್ನು ರಾಣೆಬೆನ್ನೂರಿನಿಂದಲೂ ಬಲಭಾಗವನ್ನು ಹಾವೇರಿಯಿಂದಲೂ ತೆಗೆದುಕೊಂಡರು. ನಡುವಿನ ಕಲೆಯನ್ನು ಕಂಪ್ಯೂಟರ್ ಸುತ್ತಲಿನ ಗೋಡೆಯ ಬಣ್ಣದಿಂದ ತುಂಬಿತು. ಬಿಳಚಿದ ಪ್ರತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಸುಗೆ ಎಲ್ಲಿದೆಯೆಂದು ಕಾಣುತ್ತಲೇ ಇರಲಿಲ್ಲ. ನಾವೂ ಮೆಚ್ಚಿ ಒಪ್ಪಿಗೆ ಕೊಟ್ಟೆವು.

ಹಾವೇರಿಯ ಅಜ್ಜಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿ ಕೇಳಿದರು: "ಫಾದರ್, ನಮ್ಮ ತಂಗಿ ಎಲ್ಲಿ ಹೋದಳ್ರೀ? ನನ್ನ ಕೈ ಹಿಡಕೊಂಡು ನಿಂತಿದ್ದಳಲ್ಲ!"

ಆ ಕಲೆಯ ಕೆಳಗೆ ಒಂದು ಮಗುವಿತ್ತು. ಚಿತ್ರ ತೆಗೆದ ವರುಷವೇ ತೀರಿಕೊಂಡ ಆ ಮಗುವಿನ ಬೇರೆ ಚಿತ್ರ ಆ ಮನೆಯಲ್ಲಿರಲಿಲ್ಲ. ಕಲೆಯನ್ನು ಅಳಿಸಿದೆವೆಂದು ನಾವು ಹಿಗ್ಗಿದ್ದೆವು, ಅಳಿಸಿದ್ದು ಮಗುವನ್ನು.

ಇದಕ್ಕಿಂತ ಎಷ್ಟೋ ಕಠಿಣವಾದ ಕೆಲಸವೊಂದು ನಮ್ಮ ರಾಜ್ಯದ ಉಡುಪಿಯಲ್ಲಿ 2006ರಲ್ಲಿ ನಡೆಯಿತು. ಶ್ರೀ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪುರಾತನ ತಾಳೆಗರಿಗಳು ಕಪ್ಪಾಗಿ ಓದಲಾಗದಂತಿದ್ದವು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ತಮ್ಮ ತಂಡದೊಡನೆ ಅವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಚಿತ್ರಿಸಿದರು. ಸುಮಾರು 26 ಅಂಗುಲ ಉದ್ದದ ಒಂದೊಂದು ಗರಿಯನ್ನೂ 8ರಿಂದ 10 ಭಾಗಗಳಾಗಿ ತೆಗೆದು, ಗಣಕದಿಂದ ಒಂದುಗೂಡಿಸಿದರು. ಕಾಣದ ಅಕ್ಷರವನ್ನು ಊಹಿಸಿ ತುಂಬುವ ಬದಲು, ಅದು ಕಾಣುವಂಥ ಬೆಳಕನ್ನು ಅರಸಿದ ಕೆಲಸವದು.

ನಾವೂ ಮತ್ತೆ ಮೂರು ಪ್ರತಿಗಳ ಬಳಿಗೆ ಹೋದೆವು. ಬ್ಯಾಡಗಿಯ ಬಿಳಚಿದ ಪ್ರತಿಯಲ್ಲಿ ಆ ಮುಖವಿತ್ತು. ಅಲ್ಲಿಂದ ಅದನ್ನು ತಂದು ಕೂರಿಸಿದೆವು. ಚಿತ್ರದ ನಡುವೆ ತುಸು ಮಸುಕಾದ ಪಟ್ಟಿಯೊಂದು ಈಗ ಕಾಣುತ್ತದೆ. ಅದನ್ನು ತಿದ್ದಬೇಡಿರೆಂದು ನಾವೇ ಹೇಳಿದ್ದೇವೆ.

ಪ್ರಭುವಿನ ನಿಲುವಂಗಿ ಹೊಲಿಗೆಯಿಲ್ಲದ್ದು, ಮೇಲಿಂದ ಕೆಳಗಿನವರೆಗೆ ಒಂದೇ ನೆಯ್ಗೆಯದು ಎಂದು ಸಂತ ಯೊವಾನ್ನರು ಬರೆದಿದ್ದಾರೆ. ನಮ್ಮ ಧರ್ಮಕೇಂದ್ರದ ನೂರು ವರುಷಗಳ ಚರಿತ್ರೆ ಹಾಗಿಲ್ಲ. ಅದು ಹಲವು ಊರುಗಳ, ಹಲವು ಮನೆಗಳ ತುಂಡುಗಳನ್ನು ಹೊಲಿದದ್ದು. ಹೊಲಿಗೆ ಕಾಣಲಿ, ಯಾರೊಬ್ಬರೂ ಅದರೊಳಗೆ ಮರೆಯಾಗದಿರಲಿ.

ಆದ್ದರಿಂದ ತಮ್ಮಲ್ಲಿ ನಮ್ಮದೊಂದು ಬಿನ್ನಹ. ಮನೆಯ ಹಳೆಯ ಚಿತ್ರ ಮಾಸಿದೆಯೆಂದು ಎಸೆಯಬೇಡಿರಿ. ಸ್ಕ್ಯಾನ್ ಮಾಡಿಸುವಾಗ ಅಂಗುಲಕ್ಕೆ 600 ಚುಕ್ಕೆಗಳಂತೆ ಮಾಡಿಸಿರಿ. ದೊಡ್ಡದಾದರೆ ಭಾಗಭಾಗವಾಗಿ, ಒಂದು ಭಾಗದ ಅಂಚು ಮುಂದಿನದರಲ್ಲಿಯೂ ಬರುವಂತೆ ತೆಗೆಸಿರಿ. ಮೂಲಪ್ರತಿಯನ್ನು ಜೋಪಾನವಾಗಿಡಿರಿ. ಚಿತ್ರದಲ್ಲಿರುವವರ ಹೆಸರುಗಳನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಈ ಗೋಡೆಯ ಚಿತ್ರದಲ್ಲಿಯೂ ಹೆಸರು ತಿಳಿಯದ ಹಲವರು ಇದ್ದಾರೆ. ಗುರುತು ಹಿಡಿದವರು ಇಂದೇ ನಮಗೆ ತಿಳಿಸಬೇಕಾಗಿ ಕೋರಿ, ನಿಮ್ಮೆಲ್ಲರಿಗೂ ದೇವರ ಆಶೀರ್ವಾದವನ್ನು ಬೇಡುತ್ತೇವೆ.