ನೆಲ ಒಪ್ಪಿದರೆ ಸಾಲದು, ಊರೂ ಒಪ್ಪಬೇಕು



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬಿನ ಸೀಮೆ. ಹಂಗಾಮಿನಲ್ಲಿ ಇಲ್ಲಿ ಓಡಾಡಿದವರಿಗೆ ಕಾಕಂಬಿಯ ವಾಸನೆ ಹೊಸದಲ್ಲ. ಕಾಕಂಬಿಗೆ ಯೀಸ್ಟ್ ಸೇರಿಸಿ ಹುದುಗಿಸಿದರೆ ಎಥೆನಾಲ್ ಸಿಗುತ್ತದೆ. ಪೆಟ್ರೋಲಿಗೆ ಬೆರೆಸುವುದು ಇದನ್ನೇ. ನಿಮ್ಮ ರಸಾಯನಶಾಸ್ತ್ರದ ಸಮೀಕರಣವನ್ನು ನೆನಪಿಸಿಕೊಳ್ಳಿ: 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥೆನಾಲ್, ಜೊತೆಗೆ 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ ಹೆಚ್ಚುಕಡಿಮೆ ಎಥೆನಾಲಿನಷ್ಟೇ ತೂಕದ ಅನಿಲವೂ ಹೊರಬೀಳುತ್ತದೆ.

ಈ ಅನಿಲವನ್ನು ಹಿಡಿದು ಭೂಮಿಯ ಆಳದಲ್ಲಿ ಕೂಡಿಡಬಹುದೇ? ಚಿಮಣಿಯ ಹೊಗೆಯಲ್ಲಿ ಹಲವು ಅನಿಲಗಳು ಬೆರೆತಿರುತ್ತವೆ. ಹುದುಗುವಾಗ ಬರುವ ಅನಿಲವಾದರೋ ಬಹುಮಟ್ಟಿಗೆ ಶುದ್ಧ. ಆದ್ದರಿಂದ ಹಿಡಿಯುವ ಖರ್ಚು ಕಡಿಮೆ. ಕಬ್ಬು ಅದನ್ನು ಗಾಳಿಯಿಂದಲೇ ಹೀರಿಕೊಂಡಿದ್ದರಿಂದ, ಹೂಳಿಟ್ಟಷ್ಟೂ ವಾತಾವರಣದ ಹೊರೆ ಇಳಿಯುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿ ಎಥೆನಾಲಿಗೆ ಮೆಕ್ಕೆಜೋಳ ಬಳಸುತ್ತಾರೆ. 2011ರಿಂದ 2014ರವರೆಗೆ ಸುಮಾರು 10 ಲಕ್ಷ ಟನ್ ಅನಿಲವನ್ನು ಎರಡು ಕಿಲೋಮೀಟರಿನಷ್ಟು ಆಳದ ಮರಳುಗಲ್ಲಿಗೆ ತುಂಬಿದರು. ಆದರೆ 2024ರಲ್ಲಿ ಅಲ್ಲಿನ ಒಂದು ನಿಗಾ ಬಾವಿಯಲ್ಲಿ ಸೋರಿಕೆ ಕಂಡುಬಂದು ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ನಮ್ಮ ನೆಲದ ವಿಷಯಕ್ಕೆ ಬರೋಣ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ದಖ್ಖನ್ನಿನ ಲಾವಾ ಕಲ್ಲು, ಅಂದರೆ ಬಸಾಲ್ಟ್ ಇದೆ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಈ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದೊಳಗೆ ಶೇಕಡ 95ಕ್ಕೂ ಹೆಚ್ಚು ಭಾಗ ಕಲ್ಲಾಯಿತು. ಆದರೆ ಆ ವಿಧಾನದಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು! ಹಿಡಕಲ್ ಜಲಾಶಯದ ನೀರಿಗೆ ರೈತರು ಕಾದು ಕುಳಿತಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿಗೆ ವಿಜ್ಞಾನದ ಪ್ರಶ್ನೆ ಜನರ ಪ್ರಶ್ನೆಯಾಗುತ್ತದೆ. ನೆದರ್‌ಲ್ಯಾಂಡಿನ ಬಾರೆಂಡ್ರೆಕ್ಟ್ ಊರಿನ ಕೆಳಗೆ ಅನಿಲ ತುಂಬುವ ಯೋಜನೆಯನ್ನು, ಊರವರ ವಿರೋಧದಿಂದಾಗಿ 2010ರಲ್ಲಿ ಸರ್ಕಾರ ಕೈಬಿಟ್ಟಿತು. ಅಮೆರಿಕದ ದಕ್ಷಿಣ ಡಕೋಟ ರಾಜ್ಯದಲ್ಲಿ, ಎಥೆನಾಲ್ ಕಾರ್ಖಾನೆಗಳ ಅನಿಲ ಸಾಗಿಸುವ ಕೊಳವೆಮಾರ್ಗಕ್ಕೆ ಜಮೀನಿನ ಒಡೆಯರು ತಿರುಗಿಬಿದ್ದರು. ಇಂಥ ಕೊಳವೆಗಾಗಿ ಒತ್ತಾಯದಿಂದ ಜಮೀನು ಪಡೆಯಬಾರದೆಂದು 2025ರಲ್ಲಿ ಅಲ್ಲಿ ಕಾನೂನೇ ಬಂದಿತು. ಕಾರ್ಖಾನೆಗೆ ಬೆಳೆ ಮಾರುವ ರೈತರೂ ವಿರೋಧಿಗಳಲ್ಲಿದ್ದರು ಎಂಬುದನ್ನು ಗಮನಿಸಿ.

ನಮ್ಮಲ್ಲಿ ನೀತಿ ಆಯೋಗ 2022ರಲ್ಲಿ ಈ ತಂತ್ರದ ಬಗ್ಗೆ ವರದಿ ಪ್ರಕಟಿಸಿದೆ. ದೆಹಲಿಯ ವರದಿ ಹಳ್ಳಿಯ ಒಪ್ಪಿಗೆಯಾಗಲಾರದು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಸಂಸ್ಥೆಗಳಲ್ಲಿ ಕಬ್ಬು ಬೆಳೆಯುವವನೇ ಷೇರುದಾರ. ಇಂಥ ಯೋಜನೆ ಬಂದರೆ ಸರ್ವ ಸದಸ್ಯರ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಅವನಿಗಿದೆ.

ಕೇಳಬೇಕಾದ ಪ್ರಶ್ನೆಗಳು ಮೂರು. ನೀರು ಎಲ್ಲಿಂದ? ಕೊಳವೆಬಾವಿಗೆ ಕೆಟ್ಟರೆ ಹೊಣೆ ಯಾರದು? ಐವತ್ತು ವರ್ಷದ ಬಳಿಕವೂ ನಿಗಾ ಇಡುವವರು ಯಾರು? ಇವಕ್ಕೆ ಸರಿಯಾದ ಉತ್ತರ ದೊರೆತರೆ ಜನ ಒಪ್ಪಿಯಾರು. ಉತ್ತರವನ್ನು ಅಳೆದು ನೋಡಲು ವಿಜ್ಞಾನ ತಿಳಿದವರು ಊರಿನಲ್ಲೇ ಇರಬೇಕು. ಆ ಕೆಲಸ ನಿಮ್ಮದು.